ಬೆಂಕಿ ಹತ್ತುವ ಮುನ್ನಿನ ವಿದ್ಯೆ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಹೊತ್ತು ಮೀರಿದ ಮೇಲೆ ಎಚ್ಚೆತ್ತವನನ್ನು ಕಂಡಾಗಲೆಲ್ಲ ಹಿರಿಯರು ಈ ಮಾತನ್ನಾಡಿ ನಗುತ್ತಾರೆ. ಆದರೆ ಆ ಬಾವಿಯನ್ನು ಮೊದಲೇ ಎಲ್ಲಿ ತೋಡಬೇಕು, ಅದರ ನೀರು ಎಷ್ಟು ನಿಮಿಷದಲ್ಲಿ ಎಷ್ಟನೆಯ ಅಂತಸ್ತಿಗೆ ಏರಬೇಕು, ಅಷ್ಟರೊಳಗೆ ಮನೆಯ ಮುದುಕಿಯೂ ಮಗುವೂ ಯಾವ ಬಾಗಿಲಿನಿಂದ ಹೊರಬೀಳಬೇಕು ಎಂಬುದನ್ನೆಲ್ಲ ಲೆಕ್ಕ ಹಾಕಿ ಹೇಳುವ ವಿದ್ಯೆಯೊಂದು ಉಂಟು. ಅದನ್ನು ವಿಶ್ವವಿದ್ಯಾನಿಲಯಗಳಲ್ಲಿ ಕ್ರಮವಾಗಿ ಬೋಧಿಸುತ್ತಾರೆ, ಕಲಿತವರಿಗೆ ಇಂಜಿನಿಯರಿಂಗ್ ಪದವಿಯನ್ನೇ ನೀಡುತ್ತಾರೆ ಎಂಬ ಸಂಗತಿ ಮಾತ್ರ ಬಹಳ ಮನೆಗಳನ್ನು ಇನ್ನೂ ಮುಟ್ಟಿಲ್ಲ.

ಪಿ.ಯು.ಸಿ. ಫಲಿತಾಂಶ ಪ್ರಕಟವಾದ ವಾರ ಮನೆಮನೆಯಲ್ಲಿಯೂ ನಡೆಯುವ ಸಮಾಲೋಚನೆ ಎಲ್ಲರಿಗೂ ಪರಿಚಿತವಾದುದು. ಅಂಕ ಹೆಚ್ಚಿದ್ದರೆ ವೈದ್ಯಕೀಯ, ಇಲ್ಲವಾದರೆ ಕಂಪ್ಯೂಟರ್. ಅದೂ ದೊರೆಯದಿದ್ದರೆ ಸಿಕ್ಕಿದ ಇಂಜಿನಿಯರಿಂಗ್. ಈ ಮೂರು ಮೆಟ್ಟಿಲುಗಳ ಆಚೆಗೆ ನಾಲ್ಕನೆಯದೊಂದು ಇರಬಹುದೆಂದು ಯೋಚಿಸುವಷ್ಟು ವ್ಯವಧಾನ ತಂದೆತಾಯಿಗಳಿಗಿರುವುದಿಲ್ಲ. ಯೋಚಿಸುವವರಿಗೆ ಮಾಹಿತಿ ಇರುವುದಿಲ್ಲ. ಅಗ್ನಿ ಇಂಜಿನಿಯರಿಂಗ್ ಎಂಬ ಶಾಖೆಗೆ ವಿದ್ಯಾರ್ಥಿಗಳು ಕಡಿಮೆಯಾಗಿರುವುದಕ್ಕೆ ಅದರ ಕಷ್ಟಕ್ಕಿಂತ ಅದರ ಹೆಸರು ಕೇಳಿಸದಿರುವುದೇ ಹೆಚ್ಚಿನ ಕಾರಣವೆನ್ನಬೇಕು. ಅದರಲ್ಲಿಯೂ ಯಾವ ಸೀಮೆಯ ಮಕ್ಕಳು ಈ ವಿದ್ಯೆಯ ಅಗತ್ಯವನ್ನು ಕಣ್ಣಾರೆ ಕಂಡು ಬೆಳೆಯುತ್ತಾರೋ ಆ ಸೀಮೆಗೇ ಇದರ ಸುದ್ದಿ ಎಲ್ಲಕ್ಕಿಂತ ತಡವಾಗಿ ತಲುಪುತ್ತದೆ.

ರಾಯಚೂರು ಜಿಲ್ಲೆಯ ದೇವದುರ್ಗ ಸೀಮೆಯಲ್ಲಿರುವ ಅರಕೇರಾ ಅಂಥದೊಂದು ಊರು. ಎರೆಭೂಮಿ, ಬಿರುಬಿಸಿಲು, ಹತ್ತಿ, ತೊಗರಿ, ಕಾಲುವೆಯ ನೀರು ಹರಿದಲ್ಲಿ ಭತ್ತ ಇವು ಆ ಭಾಗದ ಬದುಕು. ಹತ್ತಿ ಬಿಡಿಸುವ ದಿನಗಳಲ್ಲಿ ಅನೇಕ ರೈತರ ಮನೆಗಳ ಪಡಸಾಲೆಯೇ ಉಗ್ರಾಣವಾಗಿ ಮಾರ್ಪಡುತ್ತದೆ. ಒಳ್ಳೆಯ ಧಾರಣೆ ಬರಲೆಂದು ಕಾದಿರಿಸಿದ ಬಿಳಿಯ ರಾಶಿಯ ಪಕ್ಕದಲ್ಲಿಯೇ ಅಡಿಗೆಯ ಒಲೆ, ದೇವರ ದೀಪ, ಮೊಬೈಲಿಗೆ ವಿದ್ಯುತ್ ತುಂಬುವ ಸಡಿಲವಾದ ಪ್ಲಗ್ಗು! ಹೊರಗೆ ಕಣದಲ್ಲಿ ಕಣಿಕೆಯ ಬಣವೆ. ಅದರ ಮೇಲೆ ಜೋತುಬಿದ್ದ ವಿದ್ಯುತ್ ತಂತಿ. ಬೇಸಿಗೆಯ ಗಾಳಿಗೆ ಎರಡು ತಂತಿಗಳು ಒಂದನ್ನೊಂದು ತಾಗಿ ಕಿಡಿ ಉದುರಿತೆಂದರೆ, ಒಂದು ವರ್ಷದ ಮೇವು ಒಂದು ಗಳಿಗೆಯಲ್ಲಿ ಬೂದಿ. ಪಟ್ಟಣದ ಠಾಣೆಯಿಂದ ಅಗ್ನಿಶಾಮಕ ವಾಹನ ಬಂದು ಸೇರುವ ವೇಳೆಗೆ ಉಳಿದಿರುವುದು ಪಕ್ಕದ ಬಣವೆಯನ್ನು ಕಾಪಾಡುವ ಕೆಲಸ ಮಾತ್ರ. ಇದು ಯಾರ ಆಲಸ್ಯದ ಫಲವೂ ಅಲ್ಲ. ದೂರದ ಮತ್ತು ಕಾಲದ ಲೆಕ್ಕ.

ಆ ಲೆಕ್ಕವೇ ಈ ಶಾಸ್ತ್ರದ ಮೊದಲ ಪಾಠ. ಬೆಂಕಿ ಬೆಳೆಯುವ ಬಗೆಯನ್ನು ಅಳೆದ ವಿದ್ವಾಂಸರು ಅದು ಆರಂಭದಲ್ಲಿ ಬಹುಮಟ್ಟಿಗೆ ಕಾಲದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಂದು ಕಂಡುಕೊಂಡರು. ಕಾಲ ಇಮ್ಮಡಿಯಾದರೆ ಬೆಂಕಿ ನಾಲ್ಮಡಿ. ಮಧ್ಯಮ ವೇಗದ್ದೆಂದು ಕರೆಯುವ ಬೆಂಕಿಯೊಂದು 300 ಸೆಕೆಂಡಿನಲ್ಲಿ ಸುಮಾರು 1,000 ಕಿಲೋವಾಟ್ ಶಾಖವನ್ನು ಹೊರಸೂಸುವ ಮಟ್ಟ ಮುಟ್ಟುತ್ತದೆ. ಇನ್ನೈದು ನಿಮಿಷ ಬಿಟ್ಟರೆ, ಉರಿಯುವ ಸಾಮಗ್ರಿಯೂ ಗಾಳಿಯೂ ಇದ್ದಲ್ಲಿ, ಅದು 4,000 ಕಿಲೋವಾಟ್. ವೇಗದ ಬೆಂಕಿಯಾದರೆ ಆ ಮೊದಲ ಮಟ್ಟವನ್ನು 150 ಸೆಕೆಂಡಿನಲ್ಲಿಯೇ ಮುಟ್ಟುತ್ತದೆ. ಮೊದಲ ನಿಮಿಷದಲ್ಲಿ ಕಂಬಳಿಯಿಂದ ಮುಚ್ಚಿ ನಂದಿಸಬಹುದಾದುದನ್ನು ಹತ್ತನೆಯ ನಿಮಿಷದಲ್ಲಿ ಒಂದು ತಂಡದ ಜನ ಸೇರಿಯೂ ನಂದಿಸಲಾರರು ಎಂಬ ಅನುಭವದ ಮಾತಿಗೆ ಗಣಿತದ ಆಧಾರ ಇಲ್ಲಿದೆ. ಠಾಣೆಗಳು ಎಲ್ಲೆಲ್ಲಿ ಇರಬೇಕು, ನೀರಿನ ತೊಟ್ಟಿ ಎಷ್ಟು ದೊಡ್ಡದಿರಬೇಕು, ಬಣವೆಗಳ ನಡುವೆ ಎಷ್ಟು ಅಂತರವಿರಬೇಕು ಎಂಬುದೆಲ್ಲ ಇದರಿಂದಲೇ ಹುಟ್ಟುವ ಪ್ರಶ್ನೆಗಳು.

ಎರಡನೆಯ ಪಾಠ ಹೊಗೆಯದು. ಕಟ್ಟಡಗಳಲ್ಲಿ ಬೆಂಕಿ ಬಿದ್ದಾಗ ಜ್ವಾಲೆಗಿಂತ ಹೊಗೆಯೇ ಹೆಚ್ಚು ಪ್ರಾಣಗಳನ್ನು ಕೊಂಡೊಯ್ಯುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ಸಂಭವಿಸಿದ ದುರಂತವನ್ನು ನಗರ ಇನ್ನೂ ಮರೆತಿಲ್ಲ. ವಿದ್ಯುತ್ ತಂತಿಗಳು ಹಾದುಹೋಗುವ ನಾಳದಿಂದ ಮೇಲೇರಿದ ಹೊಗೆ ಮಹಡಿಗಳನ್ನು ತುಂಬಿತು. 9 ಮಂದಿ ಅಸುನೀಗಿದರು. ಅದೇ ನಗರದಲ್ಲಿ 1981ರ ಫೆಬ್ರವರಿ 7ರಂದು ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ 92 ಜನ ಮಡಿದಿದ್ದರು. ಅವರಲ್ಲಿ ಮಕ್ಕಳೇ ಹೆಚ್ಚು. ತಮಿಳುನಾಡಿನ ಕುಂಭಕೋಣದಲ್ಲಿ 2004ರ ಜುಲೈ 16ರಂದು ಶಾಲೆಯೊಂದರ ಹುಲ್ಲಿನ ಸೂರಿಗೆ ಕಿಡಿ ತಾಗಿ 94 ಮಕ್ಕಳು ಅಳಿದರು. ಈ ಮೂರರಲ್ಲಿಯೂ ಜನ ಕೇಳಿದ ಪ್ರಶ್ನೆ ಬೆಂಕಿ ಹೇಗೆ ಹತ್ತಿತು ಎಂಬುದು. ಅಗ್ನಿ ಇಂಜಿನಿಯರನು ಕೇಳುವ ಪ್ರಶ್ನೆ ಬೇರೆ: ಹತ್ತಿದ ಬೆಂಕಿಗೆ ಇಷ್ಟು ಜನರನ್ನು ತಲುಪುವ ದಾರಿಯನ್ನು ಕೊಟ್ಟವರಾರು?

ಹೀಗೆ ನೋಡಿದರೆ ಈ ಶಾಖೆಯಲ್ಲಿ ಹಲವು ಶಾಸ್ತ್ರಗಳು ಕೂಡುತ್ತವೆ. ಉರಿಯುವಿಕೆಯನ್ನು ತಿಳಿಯಲು ರಸಾಯನಶಾಸ್ತ್ರ, ಶಾಖ ಹರಡುವ ಬಗೆಯನ್ನರಿಯಲು ಭೌತಶಾಸ್ತ್ರ, ನೀರನ್ನು ಕೊಳವೆಗಳಲ್ಲಿ ನೂಕಲು ಜಲಶಾಸ್ತ್ರ, ಕಟ್ಟಡ ಎಷ್ಟು ಹೊತ್ತು ನಿಲ್ಲಬಲ್ಲುದೆಂದು ಹೇಳಲು ರಚನಾಶಾಸ್ತ್ರ ಬೇಕು. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ 600 ಡಿಗ್ರಿಯ ಹೊತ್ತಿಗೇ ಅದು ತನ್ನ ಬಲದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಳ್ಳುತ್ತದೆ. ಕರಗದ ತೊಲೆ ಬಾಗಿ ಬೀಳುವುದು ಈ ಕಾರಣದಿಂದ. ಇವೆಲ್ಲದರ ಜೊತೆಗೆ ಮನುಷ್ಯ ಸ್ವಭಾವದ ಅಧ್ಯಯನವೂ ಸೇರಿದೆ. ಗಂಟೆ ಬಾರಿಸಿದೊಡನೆ ಜನ ಓಡುವುದಿಲ್ಲ; ಮೊದಲು ಪಕ್ಕದವರ ಮುಖ ನೋಡುತ್ತಾರೆ, ಚೀಲ ಹುಡುಕುತ್ತಾರೆ, ಒಳಗೆ ಬಂದ ಬಾಗಿಲಿನಿಂದಲೇ ಹೊರಹೋಗಲು ನುಗ್ಗುತ್ತಾರೆ. ಬಾಗಿಲು ಎಷ್ಟು ಅಗಲವಿರಬೇಕು, ಅದು ಯಾವ ಕಡೆಗೆ ತೆರೆಯಬೇಕು ಎಂಬ ನಿಯಮಗಳು ಇಂಥ ಅವಲೋಕನದಿಂದ ಮೂಡಿದವು. ಭಾರತದಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಪ್ರಕಟವಾದುದು 1970ರಲ್ಲಿ. 2016ರ ಪರಿಷ್ಕೃತ ಸಂಹಿತೆಯ ನಾಲ್ಕನೆಯ ಭಾಗವೆಲ್ಲ ಅಗ್ನಿ ಮತ್ತು ಜೀವ ಸುರಕ್ಷತೆಗೆ ಮೀಸಲು.

ಈ ವಿದ್ಯೆಯ ಚರಿತ್ರೆಯನ್ನು ಹಿಂದಕ್ಕೆ ಹಿಡಿದು ಹೋದರೆ ಕೈಗೆ ಸಿಕ್ಕುವುದು ಒಂದು ಹಿಡಿ ಹತ್ತಿ! ಅಮೆರಿಕದ ರೋಡ್ ಐಲೆಂಡಿನಲ್ಲಿ ಬಟ್ಟೆಗಿರಣಿ ನಡೆಸುತ್ತಿದ್ದ ಝಕರಾಯ ಆಲೆನ್ ಎಂಬಾತ ತನ್ನ ಗಿರಣಿಯನ್ನು ಬೆಂಕಿಯಿಂದ ರಕ್ಷಿಸಲು ಅನೇಕ ಸುಧಾರಣೆಗಳನ್ನು ಮಾಡಿದ. ಎಚ್ಚರ ವಹಿಸಿದವನಿಗೂ ವಹಿಸದವನಿಗೂ ವಿಮೆಯ ಕಂತು ಒಂದೇ ಎಂದು ವಿಮಾ ಸಂಸ್ಥೆ ಹೇಳಿದಾಗ, 1835ರಲ್ಲಿ ಇತರ ಗಿರಣಿದಾರರನ್ನು ಕೂಡಿಕೊಂಡು ತಾವೇ ಪರಸ್ಪರ ವಿಮೆಯ ಕೂಟವೊಂದನ್ನು ಕಟ್ಟಿದ. ಗಿರಣಿಗಳನ್ನು ಪರೀಕ್ಷಿಸಿ, ದೋಷ ತೋರಿಸಿ, ತಿದ್ದಿಸಿದ ಮೇಲೆಯೇ ವಿಮೆ ಎಂಬ ಪದ್ಧತಿ ಅಲ್ಲಿಂದ ಬೆಳೆಯಿತು. 1874ರಲ್ಲಿ ಹೆನ್ರಿ ಪಾರ್ಮೆಲಿ ಎಂಬ ಪಿಯಾನೋ ತಯಾರಕ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಉಪಕರಣಕ್ಕೆ ಹಕ್ಕುಪತ್ರ ಪಡೆದ. ಇಂದು ದೊಡ್ಡ ಕಟ್ಟಡಗಳ ಮಾಳಿಗೆಯ ಕೆಳಗೆ ಕಾಣುವ ಕೆಂಪು ದ್ರವದ ಪುಟ್ಟ ಗಾಜಿನ ಗುಳಿಗೆ ಅದೇ ಸಂತತಿಯದು. 68 ಡಿಗ್ರಿಯ ಶಾಖ ತಾಗಿದೊಡನೆ ಅದು ಒಡೆದು ನೀರಿಗೆ ದಾರಿ ಕೊಡುತ್ತದೆ. ಸಿನಿಮಾಗಳಲ್ಲಿ ತೋರಿಸುವಂತೆ ಎಲ್ಲವೂ ಒಮ್ಮೆಗೇ ತೆರೆಯುವುದಿಲ್ಲ. ಶಾಖ ಎಲ್ಲಿಯೋ ಅಲ್ಲಿ ಮಾತ್ರ.

ಹತ್ತಿಯ ಬೆಂಕಿಯ ಗುಟ್ಟು ಭಾರತಕ್ಕೆ ತಿಳಿದದ್ದು ಬಹು ದುಬಾರಿಯ ಪಾಠದಿಂದ. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ನಿಂತಿದ್ದ ಫೋರ್ಟ್ ಸ್ಟೈಕಿನ್ ಎಂಬ ಹಡಗಿನಲ್ಲಿ ಸಾವಿರಾರು ಬೇಲು ಹತ್ತಿಯೂ ಸುಮಾರು 1,400 ಟನ್ ಸ್ಫೋಟಕಗಳೂ ಇದ್ದವು. ಹತ್ತಿಯಲ್ಲಿ ಒಳಗೊಳಗೇ ಕಾಣಿಸಿಕೊಂಡ ಬೆಂಕಿ ಸ್ಫೋಟಕಗಳನ್ನು ಮುಟ್ಟಿತು, ಬಂದರು ಸಿಡಿದುಹೋಯಿತು. ಕರ್ತವ್ಯದಲ್ಲಿದ್ದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಪ್ರತಿ ವರ್ಷ ಏಪ್ರಿಲ್ 14ರಂದು ದೇಶದಲ್ಲೆಲ್ಲ ಆಚರಿಸುವ ಅಗ್ನಿಶಾಮಕ ಸೇವಾ ದಿನ ಅವರ ನೆನಪಿಗಾಗಿ. ಒತ್ತಿ ಕಟ್ಟಿದ ಬೇಲಿನೊಳಗೆ ಸಿಕ್ಕ ಒಂದು ಕಿಡಿ ಹೊಗೆಯಿಲ್ಲದೆ, ಉರಿಯಿಲ್ಲದೆ ದಿನಗಟ್ಟಲೆ ಬದುಕಿರಬಲ್ಲದು. ಮೇಲೆ ಸುರಿದ ನೀರು ಒಳಗೆ ಇಳಿಯುವುದೂ ಇಲ್ಲ. ರಾಯಚೂರಿನ ಹತ್ತಿ ಮಾರುಕಟ್ಟೆ ಹೆಸರಾದುದು. ಸುತ್ತಲಿನ ಹತ್ತಿ ಗಿರಣಿಗಳಿಗೆ ಈ ಶತ್ರು ಹೊಸಬನಲ್ಲ. ಅರಳೆಯೊಡನೆ ಸೇರಿಬಂದ ಒಂದು ಹರಳು ಯಂತ್ರದ ಹಲ್ಲಿಗೆ ತಾಗಿ ಕಿಡಿಯಾದರೆ, ಗಾಳಿಯ ಕೊಳವೆ ಆ ಕಿಡಿಯನ್ನು ನೇರವಾಗಿ ರಾಶಿಗೆ ಒಯ್ಯುತ್ತದೆ. ದಾರಿಯಲ್ಲಿಯೇ ಅದನ್ನು ಗುರುತಿಸಿ ತಡೆಯುವ ಸಾಧನಗಳುಂಟು. ಅವನ್ನು ಎಲ್ಲಿ ಇಡಬೇಕೆಂದು ಹೇಳಬಲ್ಲವರು ಕಡಿಮೆ.

ಇನ್ನು ಪದವಿಗಳ ಮಾತು. ಅಗ್ನಿರಕ್ಷಣೆಯನ್ನು ವಿಶ್ವವಿದ್ಯಾನಿಲಯದ ಮಟ್ಟದ ಶಿಕ್ಷಣವಾಗಿ ಮಾಡಿದ ಕೀರ್ತಿ ಮೊದಲು ಸಲ್ಲಬೇಕಾದುದು ಶಿಕಾಗೋ ನಗರದ ಆರ್ಮರ್ ಸಂಸ್ಥೆಗೆ. ಅಲ್ಲಿ 1903ರಲ್ಲಿ ಈ ತರಗತಿ ಆರಂಭವಾಯಿತು. ಅದೇ ವರ್ಷದ ಡಿಸೆಂಬರ್ 30ರಂದು ಅದೇ ನಗರದ ಇರಾಕ್ವಾಯ್ ನಾಟಕಶಾಲೆಗೆ ಬೆಂಕಿ ಬಿದ್ದು 600ಕ್ಕೂ ಹೆಚ್ಚು ಜನ ಸತ್ತದ್ದು ವಿಧಿಯ ಕ್ರೂರ ವ್ಯಂಗ್ಯ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಅಗ್ನಿರಕ್ಷಣಾ ಇಂಜಿನಿಯರಿಂಗ್ ವಿಭಾಗ 1956ರಲ್ಲಿ ಸ್ಥಾಪಿತವಾಯಿತು. ಇಂದು ಅಲ್ಲಿ ಪದವಿಯಿಂದ ಹಿಡಿದು ಡಾಕ್ಟರೇಟಿನವರೆಗೆ ಓದುವ ಏರ್ಪಾಡುಂಟು. ಅದೇ 1956ರಲ್ಲಿ ಭಾರತ ಸರಕಾರ ಉತ್ತರ ಪ್ರದೇಶದ ರಾಂಪುರದಲ್ಲಿ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜನ್ನು ತೆರೆಯಿತು. ಮರು ವರ್ಷ ಅದು ನಾಗಪುರಕ್ಕೆ ಬಂದಿತು. ರಾಯಚೂರು ಜಿಲ್ಲೆ ಹೈದರಾಬಾದ್ ಸಂಸ್ಥಾನದ ನೆರಳಿನಿಂದ ಹೊರಬಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿದುದೂ ಅದೇ ವರ್ಷದ ನವೆಂಬರ್ 1ರಂದು. ಮೂರೂ ಸಮವಯಸ್ಕರು; ಆದರೆ ಮೂರರ ನಡುವೆ ಪರಿಚಯ ಮಾತ್ರ ಬೆಳೆಯಲಿಲ್ಲ.

ಈ ಅಪರಿಚಯದ ಕೊರಗು ಅರಕೇರಾದ್ದು ಮಾತ್ರವಲ್ಲ. ಹೊರದೇಶದ ವಿಭಾಗಗಳೂ ವಿದ್ಯಾರ್ಥಿಗಳನ್ನು ತಾವೇ ಅರಸಿಕೊಂಡು ಹೋಗಬೇಕಾಗುತ್ತದೆ. ಪ್ರೌಢಶಾಲೆಯ ಹುಡುಗನೊಬ್ಬನಿಗೆ ಸೇತುವೆ ಕಟ್ಟುವವನು ಗೊತ್ತು, ಯಂತ್ರ ಮಾಡುವವನು ಗೊತ್ತು. ಬೆಂಕಿ ಬೀಳದಂತೆ ಮಾಡುವವನನ್ನು ಆತ ಎಲ್ಲಿಯೂ ಕಂಡಿರುವುದಿಲ್ಲ. ಆತನ ಕೆಲಸ ಸರಿಯಾಗಿ ನಡೆದರೆ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದ ಸಂಗತಿಯನ್ನು ಯಾವ ಪತ್ರಿಕೆಯೂ ಅಚ್ಚು ಮಾಡುವುದಿಲ್ಲ. ಆದ್ದರಿಂದಲೇ ಶಾಲೆಗಳಿಗೆ ಹೋಗಿ ವಿವರಿಸುವುದು, ಪ್ರಯೋಗಶಾಲೆಗೆ ಕರೆದು ಬೆಂಕಿಯನ್ನು ತೋರಿಸುವುದು, ವಿದ್ಯಾರ್ಥಿವೇತನ ನೀಡುವುದು ಇವು ಇಂಥ ವಿಭಾಗಗಳ ನಿತ್ಯದ ಕೆಲಸದ ಒಂದು ಭಾಗವೇ ಆಗಿವೆ. ಭಾರತದಲ್ಲಿ ಒಂದು ಪ್ರಕಟಣೆ ಹೊರಡಿಸಿ ಸುಮ್ಮನಾಗುವುದೇ ರೂಢಿ. ಆ ಪ್ರಕಟಣೆ ಅರಕೇರಾದ ಪದವಿಪೂರ್ವ ಕಾಲೇಜಿನ ಗೋಡೆಗೆ ಬಂದು ಅಂಟುವ ಸಂಭವ ಎಷ್ಟು?

ಅಂಟಿದರೂ ಮನೆಯಲ್ಲಿ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಏಳೆಂಟು ಎಕರೆ ಹತ್ತಿಯ ಹೊಲವಿರುವ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗಳು ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದು ಈ ವಿಷಯವನ್ನು ಪ್ರಸ್ತಾಪಿಸುತ್ತಾಳೆ. ತಂದೆ ನಗುತ್ತಾನೆ:

“ಬೆಂಕಿ ನಂದಸೋ ಕೆಲ್ಸಕ್ಕ ನಾಕು ವರ್ಷ ಓದಬೇಕೇನವ್ವಾ? ನಾಕು ಕೊಡ ನೀರು ಹಾಕಿದ್ರ ಮುಗೀತಲ್ಲ?”

“ನಂದಸಾಕ ಅಲ್ಲಪ್ಪಾ, ಹತ್ತದಂಗ ಮಾಡಾಕ ಓದೋದು.”

ಈ ಉತ್ತರವನ್ನು ಕೊಡಬಲ್ಲ ಹುಡುಗಿಗೆ ಶಾಸ್ತ್ರದ ಅರ್ಧ ತಿರುಳು ಆಗಲೇ ತಿಳಿದಿದೆ. ತಂದೆಯ ಪ್ರಶ್ನೆಯೂ ಅಷ್ಟೇ ನ್ಯಾಯವಾದುದು. ನಾಲ್ಕು ವರ್ಷದ ಓದಿಗೆ ಹಣವೆಷ್ಟು, ಊರೆಷ್ಟು ದೂರ, ಓದಿದ ಮೇಲೆ ಅನ್ನವೆಲ್ಲಿ ಎಂದು ಕೇಳುವುದು ಆತನ ಧರ್ಮ. ಆ ಪ್ರಶ್ನೆಗಳಿಗೆ ನೇರವಾದ ಉತ್ತರ ಬೇಕು.

ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿದವರಿಗೆ ಮೊದಲ ಬಾಗಿಲು ನಾಗಪುರದ್ದು. ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿರುವ ಆ ಕಾಲೇಜು ಅಗ್ನಿ ಇಂಜಿನಿಯರಿಂಗ್ ಪದವಿಗೆ ತರಬೇತಿ ನೀಡುತ್ತದೆ. ಪದವಿ ನಾಗಪುರ ವಿಶ್ವವಿದ್ಯಾನಿಲಯದ್ದು. ಸರಕಾರಿ ಸಂಸ್ಥೆ, ಸ್ಥಾನಗಳು ಕಡಿಮೆ, ಸ್ಪರ್ಧೆ ಹೆಚ್ಚು. ಅಂಕದ ಜೊತೆಗೆ ಎತ್ತರ, ತೂಕ, ದೃಷ್ಟಿ ಮೊದಲಾದ ದೇಹದಾರ್ಢ್ಯದ ನಿಯಮಗಳೂ ಅಲ್ಲಿವೆ. ಅರ್ಜಿ ಹಾಕುವ ಮುನ್ನ ಅವನ್ನು ನೋಡಿಕೊಳ್ಳುವುದು ಲೇಸು. ಎರಡನೆಯದು ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾನಿಲಯ. ಅಲ್ಲಿ ಸುರಕ್ಷತೆ ಮತ್ತು ಅಗ್ನಿ ಇಂಜಿನಿಯರಿಂಗ್ ಎಂಬ ಬಿ.ಟೆಕ್. ಪದವಿಯುಂಟು, ಪ್ರವೇಶಕ್ಕೆ ಆ ವಿಶ್ವವಿದ್ಯಾನಿಲಯ ತನ್ನದೇ ಆದ ಅಖಿಲ ಭಾರತ ಪರೀಕ್ಷೆಯನ್ನು ನಡೆಸುತ್ತದೆ. ಕಾರ್ಖಾನೆಯ ಸುರಕ್ಷತೆಯನ್ನೂ ಬೆಂಕಿಯ ಶಾಸ್ತ್ರವನ್ನೂ ಒಟ್ಟಿಗೆ ಕಲಿಸುವುದರಿಂದ ಉದ್ಯೋಗದ ಕ್ಷೇತ್ರ ವಿಸ್ತಾರವಾಗುತ್ತದೆ. ಡೆಹರಾಡೂನಿನ ಪೆಟ್ರೋಲಿಯಂ ಮತ್ತು ಇಂಧನ ಅಧ್ಯಯನ ವಿಶ್ವವಿದ್ಯಾನಿಲಯದಲ್ಲಿಯೂ ಇಂಥ ಬಿ.ಟೆಕ್. ಇದೆ, ಆದರೆ ಅದು ಖಾಸಗಿ ಸಂಸ್ಥೆ, ವೆಚ್ಚವೂ ಅದಕ್ಕೆ ತಕ್ಕಂತೆ.

ಇಲ್ಲಿ ಕನ್ನಡ ನಾಡಿನ ಮನೆಗಳು ಎಡವುವ ಸ್ಥಳವೊಂದಿದೆ. ಮಕ್ಕಳನ್ನು ರಾಜ್ಯದ ಸಿ.ಇ.ಟಿ.ಗೆ ಸಿದ್ಧಪಡಿಸಿ, ಆ ಒಂದೇ ಪರೀಕ್ಷೆಯ ಫಲಕ್ಕಾಗಿ ಕಾಯುತ್ತಾರೆ. ನಾಗಪುರ, ಕೊಚ್ಚಿಗಳ ಬಾಗಿಲು ಸಿ.ಇ.ಟಿ.ಯಿಂದ ತೆರೆಯುವುದಿಲ್ಲ, ಅವುಗಳ ಅರ್ಜಿಯ ಗಡುವು ಬಹುಮಟ್ಟಿಗೆ ಪಿ.ಯು.ಸಿ. ಫಲಿತಾಂಶಕ್ಕೆ ಮೊದಲೇ ಮುಗಿದುಹೋಗುತ್ತದೆ. ಫಲಿತಾಂಶ ಬಂದ ಮೇಲೆ ವಿಚಾರಿಸುವುದೆಂದರೆ ಗಾದೆಯ ಬಾವಿಯನ್ನು ಮತ್ತೊಮ್ಮೆ ತೋಡಿದಂತೆಯೇ. ದ್ವಿತೀಯ ವರ್ಷದ ಓದು ಆರಂಭವಾದಾಗಲೇ ಆಯಾ ಸಂಸ್ಥೆಯ ಆ ವರ್ಷದ ಪ್ರಕಟಣೆಯನ್ನು ತರಿಸಿ ನೋಡಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟು.

ಹೆಣ್ಣುಮಕ್ಕಳಿಗೆ ಇದು ತಕ್ಕುದೇ ಎಂಬ ಸಂದೇಹಕ್ಕೆ ನಾಗಪುರದ ಕಾಲೇಜೇ ಉತ್ತರ ಹೇಳಿದೆ. ಅದೇ ನಗರದ ಹರ್ಷಿನಿ ಕಾನ್ಹೇಕರ್ 2002ರಲ್ಲಿ ಅಲ್ಲಿನ ಪದವಿ ತರಗತಿಗೆ ಸೇರಿದ ಮೊದಲ ಮಹಿಳೆ. ಗಂಡುಮಕ್ಕಳ ನಡುವೆ ಒಬ್ಬಳೇ ಓದಿ ಮುಗಿಸಿ, 2006ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ಅಗ್ನಿ ಸೇವೆಗೆ ಸೇರಿದರು. ಭಾರವಾದ ಕೊಳವೆಯನ್ನು ಹೆಗಲಿಗೇರಿಸುವುದು ಈ ವೃತ್ತಿಯ ಒಂದು ಅಂಗ ಮಾತ್ರ. ನಕ್ಷೆಯನ್ನು ಓದಿ ದೋಷವನ್ನು ಹಿಡಿಯುವುದು, ಲೆಕ್ಕ ಮಾಡಿ ನೀರಿನ ಜಾಲವನ್ನು ರಚಿಸುವುದು, ಕಾರ್ಖಾನೆಯನ್ನು ಪರೀಕ್ಷಿಸಿ ವರದಿ ಬರೆಯುವುದು ಇತರ ಅಂಗಗಳು. ಇವುಗಳಿಗೆ ಬೇಕಾದುದು ತಾಳ್ಮೆ, ಸೂಕ್ಷ್ಮ ದೃಷ್ಟಿ, ಮುಲಾಜಿಲ್ಲದ ನಾಲಗೆ.

ಅಷ್ಟು ದೂರ ಕಳುಹಿಸಲಾರದ ಮನೆಯವರಿಗೂ ದಾರಿ ಮುಚ್ಚಿಲ್ಲ. ರಾಯಚೂರಿನಲ್ಲಿಯೇ ಸರಕಾರಿ ಇಂಜಿನಿಯರಿಂಗ್ ಕಾಲೇಜು ಉಂಟು. ಅಲ್ಲಿಯೋ ಸುತ್ತಲಿನ ಜಿಲ್ಲೆಯ ಕಾಲೇಜುಗಳಲ್ಲಿಯೋ ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್ ಪದವಿ ಪಡೆದು, ಅನಂತರ ಅಗ್ನಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡುವುದು ಎರಡನೆಯ ಮಾರ್ಗ. ಸಂವಿಧಾನದ 371(ಜೆ) ವಿಧಿ 98ನೆಯ ತಿದ್ದುಪಡಿಯಿಂದ ಬಂದ ಮೇಲೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇಕಡಾ 70ರಷ್ಟು, ರಾಜ್ಯದ ಉಳಿದ ಭಾಗದ ಕಾಲೇಜುಗಳಲ್ಲಿ ಶೇಕಡಾ 8ರಷ್ಟು ಸ್ಥಾನಗಳು ಆ ಭಾಗದ ಮಕ್ಕಳಿಗೆ ಮೀಸಲಾಗಿವೆ. ಈ ಸೌಲಭ್ಯ ರಾಜ್ಯದ ಗಡಿ ದಾಟಿ ನಾಗಪುರಕ್ಕಾಗಲಿ ಕೊಚ್ಚಿಗಾಗಲಿ ಬರುವುದಿಲ್ಲ ಎಂಬುದನ್ನು ನೆನಪಿಡಬೇಕು. ಆದ್ದರಿಂದ ಮೊದಲ ಪದವಿಯನ್ನು ಇಲ್ಲಿಯೇ ಮುಗಿಸುವುದರಲ್ಲಿ ಜಾಣತನವಿದೆ. ಮುಂದಿನ ಓದಿಗೆ ಅಮೆರಿಕದಲ್ಲಿ ಮೇರಿಲ್ಯಾಂಡ್ ಮತ್ತು ವೂಸ್ಟರ್ ಸಂಸ್ಥೆಗಳು ಹೆಸರಾದುವು. ಐರೋಪ್ಯ ದೇಶಗಳಲ್ಲಿ ಘೆಂಟ್, ಲುಂಡ್, ಎಡಿನ್‌ಬರೋ ವಿಶ್ವವಿದ್ಯಾನಿಲಯಗಳು ಸೇರಿ ನಡೆಸಿಕೊಂಡು ಬಂದಿರುವ ಅಗ್ನಿ ಸುರಕ್ಷತಾ ಸ್ನಾತಕೋತ್ತರ ಶಿಕ್ಷಣಕ್ಕೆ ಐರೋಪ್ಯ ಒಕ್ಕೂಟದ ವಿದ್ಯಾರ್ಥಿವೇತನ ಪಡೆದು ಹೋದ ಪರದೇಶದ ವಿದ್ಯಾರ್ಥಿಗಳೂ ಇದ್ದಾರೆ. ದೊಡ್ಡ ಸಾಲ ಮಾಡುವ ಮುನ್ನ ಇಂಥ ವೇತನಗಳನ್ನು ಹುಡುಕಿ ನೋಡುವುದು ವಿವೇಕ.

ಮೂರನೆಯ ಮಾರ್ಗ ಸೇವೆಯ ಮೂಲಕ. ಕರ್ನಾಟಕದಲ್ಲಿ ಅಗ್ನಿಶಾಮಕ ದಳಕ್ಕೆ ಶಾಸನದ ಆಧಾರ ದೊರೆತದ್ದು 1964ರ ಅಧಿನಿಯಮದಿಂದ. ಇಂದಿನ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಎಸ್.ಎಸ್.ಎಲ್.ಸಿ. ಮುಗಿಸಿದವರನ್ನು ಅಗ್ನಿಶಾಮಕರ ಹುದ್ದೆಗೂ ಪದವೀಧರರನ್ನು ಠಾಣಾಧಿಕಾರಿಯ ಹುದ್ದೆಗೂ ಸ್ಪರ್ಧೆಯಿಂದ ಆರಿಸುತ್ತದೆ. ಬೆಂಗಳೂರಿನ ಆರ್. ಎ. ಮುಂಡ್ಕೂರ್ ಅಕಾಡೆಮಿಯಲ್ಲಿ ತರಬೇತಿ. ರಾಜ್ಯದ ಹುದ್ದೆಗಳಲ್ಲಿ 371(ಜೆ) ವಿಧಿಯ ಮೀಸಲು ರಾಯಚೂರಿನ ಮಕ್ಕಳಿಗೆ ನೆರವಾಗುತ್ತದೆ. ಸೇವೆಯಲ್ಲಿರುವ ಅಧಿಕಾರಿಗಳಿಗಾಗಿ ನಾಗಪುರದಲ್ಲಿ ಬೇರೆ ಬೇರೆ ದರ್ಜೆಯ ಶಿಕ್ಷಣಗಳಿವೆ. ಸಂಬಳ ಪಡೆಯುತ್ತ ಕಲಿಯಬೇಕೆಂಬವನಿಗೆ ಇದು ಗೌರವದ ದಾರಿ.

ಓದಿದವರಿಗೆ ಅನ್ನ ಎಲ್ಲಿ? ತೈಲ ಶುದ್ಧೀಕರಣ ಕೇಂದ್ರಗಳು, ವಿಮಾನ ನಿಲ್ದಾಣಗಳು, ರಾಸಾಯನಿಕ ಕಾರ್ಖಾನೆಗಳು, ವಿಮಾ ಸಂಸ್ಥೆಗಳು, ಎತ್ತರದ ಕಟ್ಟಡಗಳ ನಕ್ಷೆ ತಯಾರಿಸುವ ಸಂಸ್ಥೆಗಳು ಇವರನ್ನು ಬಯಸುತ್ತವೆ. ಅಷ್ಟು ದೂರವೇಕೆ? ರಾಯಚೂರಿನ ಬಳಿ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಉತ್ಪಾದಿಸುತ್ತ ಬಂದ ಉಷ್ಣ ಸ್ಥಾವರವನ್ನೇ ನೋಡಬಹುದು. ರಾಶಿ ಹಾಕಿದ ಕಲ್ಲಿದ್ದಲು ಯಾರೂ ಕಡ್ಡಿ ಗೀರದೆಯೇ ಒಳಗೆ ಕಾಯುತ್ತ ಹೋಗಿ ಹೊತ್ತಿಕೊಳ್ಳಬಲ್ಲದು. ಗಾಳಿಯಲ್ಲಿ ತೇಲುವ ಇದ್ದಲಿನ ಹುಡಿ ಮದ್ದಿನಂತೆ ಸಿಡಿಯಬಲ್ಲದು. ಅಲ್ಲಿನ ದೊಡ್ಡ ಜನರೇಟರುಗಳನ್ನು ತಣಿಸುವುದು ಜಲಜನಕವೆಂಬ ಬಲು ಸೂಕ್ಷ್ಮವಾದ ಅನಿಲ. ಪರಿವರ್ತಕಗಳೊಳಗೆ ಟನ್ನುಗಟ್ಟಲೆ ಎಣ್ಣೆ. ಈ ನಾಲ್ಕು ಬೆಂಕಿಗಳಿಗೆ ಒಂದೇ ಔಷಧವಲ್ಲ. ಅರಕೇರಾದ ಹುಡುಗನೊಬ್ಬ ಈ ವಿದ್ಯೆ ಕಲಿತರೆ ಅವನ ಉದ್ಯೋಗ ಅವನ ಜಿಲ್ಲೆಯಲ್ಲಿಯೇ ಇರಬಹುದು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಬಸ್ ನಿಲ್ದಾಣದ ಕಂಬಗಳ ಮೇಲೆ, ಮೊಬೈಲಿನ ಜಾಹೀರಾತುಗಳಲ್ಲಿ, ಆರು ತಿಂಗಳಲ್ಲಿ ಅಥವಾ ಒಂದು ವರ್ಷದಲ್ಲಿ ಅಗ್ನಿ ಸುರಕ್ಷತಾ ಡಿಪ್ಲೊಮಾ ಕೊಟ್ಟು ಅರಬ್ ದೇಶಗಳಲ್ಲಿ ಕೆಲಸ ಕೊಡಿಸುತ್ತೇವೆಂಬ ಭರವಸೆಗಳು ಧಾರಾಳವಾಗಿವೆ. ಅವುಗಳಲ್ಲಿ ಯೋಗ್ಯವಾದುವೂ ಇರಬಹುದು; ಕಾಗದದ ಬೆಲೆಯೂ ಇಲ್ಲದವೂ ಇವೆ. ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಬೇಕು: ಪ್ರಮಾಣಪತ್ರ ನೀಡುವ ವಿಶ್ವವಿದ್ಯಾನಿಲಯ ಅಥವಾ ಸರಕಾರಿ ಮಂಡಳಿ ಯಾವುದು? ಅದನ್ನು ಯಾವ ಇಲಾಖೆ, ಯಾವ ಹುದ್ದೆಗೆ ಮಾನ್ಯ ಮಾಡುತ್ತದೆ? ಅಭ್ಯಾಸಕ್ಕೆ ಬೆಂಕಿಯ ಅಂಗಳ, ಪಂಪು, ಉಸಿರಾಟದ ಸಾಧನ ಇವೆಯೇ, ಅಥವಾ ನಾಲ್ಕು ಗೋಡೆ ಮತ್ತು ಒಂದು ಫ್ಲೆಕ್ಸ್ ಮಾತ್ರವೇ? ಉತ್ತರ ತಡವರಿಸಿದರೆ ಹಿಂದಿರುಗುವುದು ಕ್ಷೇಮ. ಹತ್ತಿ ಮಾರಿ ಬಂದ ಹಣವನ್ನು ಬೆಂಕಿ ಸುಟ್ಟರೂ ಸುಳ್ಳು ಸುಟ್ಟರೂ ನಷ್ಟ ಒಂದೇ.

ಇನ್ನೊಂದು ಸತ್ಯ: ಕಂಪ್ಯೂಟರ್ ಪದವೀಧರನಿಗೆ ದೊರೆಯುವಷ್ಟು ಉದ್ಯೋಗಗಳ ಸಂಖ್ಯೆ ಈ ಶಾಖೆಯಲ್ಲಿಲ್ಲ. ಹಸ್ತಾಕ್ಷರ ಹಾಕೆಂದು ಒತ್ತಾಯಿಸುವ ಮಾಲೀಕನ ಎದುರಿಗೆ ಹಾಕೆನೆಂದು ನಿಲ್ಲುವ ಧೈರ್ಯ ಬೇಕು. ಬೀಗ ಹಾಕಿದ ತುರ್ತು ಬಾಗಿಲನ್ನು ಕಂಡು ಸುಮ್ಮನೆ ಹಾದುಹೋಗುವವನಿಗೆ ಈ ವಿದ್ಯೆ ಸಲ್ಲದು. ಯಾರಿಗೆ ಸಲ್ಲುತ್ತದೆ ಎಂದರೆ, ಒಂದು ಬಣವೆ ಉರಿದುದನ್ನು ಕಂಡು ಅಯ್ಯೋ ಎಂದ ಮೇಲೆ, ಎರಡು ಬಣವೆಗಳ ನಡುವೆ ಎಷ್ಟು ಮಾರು ಇರಬೇಕಾಗಿತ್ತು ಎಂದು ಅಳೆದು ನೋಡುವ ಹುಡುಗನಿಗೆ. ಹತ್ತಿಯ ರಾಶಿಯ ಪಕ್ಕದ ಪ್ಲಗ್ಗನ್ನು ತಾನಾಗಿ ಕಿತ್ತಿಡುವ ಹುಡುಗಿಗೆ. ಅಂಥವರು ಹತ್ತಿಯ ಸೀಮೆಯಲ್ಲಿ ಇಲ್ಲವೆನ್ನುವಂತಿಲ್ಲ, ಅವರನ್ನು ಹುಡುಕುವವರಿಲ್ಲ.

ಹುಡುಕುವುದು ಅಸಾಧ್ಯವೂ ಅಲ್ಲ, ವೆಚ್ಚದ್ದೂ ಅಲ್ಲ. ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆದರೆ ಆ ವೇಳೆಗೆ ಅರ್ಜಿಗಳ ಕಾಲ ಮಿಂಚಿರುತ್ತದೆ. ದಸರೆಯ ರಜೆ ಕಳೆದೊಡನೆ ಪದವಿಪೂರ್ವ ಕಾಲೇಜುಗಳ ಉಪನ್ಯಾಸಕರು ಹತ್ತಿರದ ಠಾಣೆಯ ಅಧಿಕಾರಿಯನ್ನು ಒಂದು ಮಧ್ಯಾಹ್ನ ಕರೆಸಿದರೆ ಸಾಕು. ಅರ್ಧ ಗಂಟೆ ಆತ ತನ್ನ ಕೆಲಸದ ಮಾತನಾಡಲಿ. ಇನ್ನರ್ಧ ಗಂಟೆ ಭೌತಶಾಸ್ತ್ರದ ಉಪನ್ಯಾಸಕರು ಅದರ ಹಿಂದಿನ ಗಣಿತವನ್ನು ಕಪ್ಪು ಹಲಗೆಯ ಮೇಲೆ ಬರೆಯಲಿ. ನಾಗಪುರ, ಕೊಚ್ಚಿಗಳ ಪ್ರಕಟಣೆಯ ಒಂದೊಂದು ಪ್ರತಿ ಗೋಡೆಯ ಮೇಲಿರಲಿ. ಆ ತರಗತಿಯಿಂದ ವರ್ಷಕ್ಕೆ ಒಬ್ಬರು ಹೊರಟರೂ ಹತ್ತು ವರ್ಷದಲ್ಲಿ ಒಂದು ಜಿಲ್ಲೆಯ ಗಿರಣಿ, ಶಾಲೆ, ಆಸ್ಪತ್ರೆಗಳನ್ನು ಪರೀಕ್ಷಿಸಬಲ್ಲ ಹತ್ತು ಜನ ಸಿದ್ಧರಾಗುತ್ತಾರೆ. ಈ ವರ್ಷ ದ್ವಿತೀಯ ಪಿ.ಯು.ಸಿ. ಓದುತ್ತಿರುವ ಮಕ್ಕಳ ಮನೆಗಳಲ್ಲಿ ಈ ಹೆಸರು ಒಮ್ಮೆ ಪ್ರಸ್ತಾಪವಾಗಲಿ. ಬೇಡವೆಂದು ತೀರ್ಮಾನವಾದರೂ ಚಿಂತೆಯಿಲ್ಲ, ತಿಳಿಯದೆ ಬಿಟ್ಟುಹೋಗಬಾರದು.